ಕಾಯಕ ತತ್ತ್ವವೂ ದುಡಿಮೆಯ ಫಲವೃದ್ಧಿಯೂ: ಕೊಂಡಜ್ಜಿ ಸೀಮೆಯ ಇತಿಹಾಸದಿಂದ ಕೆಲವು ವಿಚಾರಗಳು

ಹರಿಹರ ತಾಲ್ಲೂಕಿಗೆ ಸೇರಿದ ಕೊಂಡಜ್ಜಿಯು ದಾವಣಗೆರೆಗೂ ಹರಿಹರಕ್ಕೂ ಕೆಲವೇ ಹರಿದಾರಿಗಳ ಅಂತರದಲ್ಲಿರುವ ಗ್ರಾಮ. ಗುಡ್ಡಗಳ ಮಗ್ಗುಲಲ್ಲಿ ವಿಸ್ತಾರವಾದ ಕೆರೆ, ಕೆರೆಯ ಅಂಚಿನಲ್ಲಿ ಮರಗಳ ನೆರಳು, ಅದರಾಚೆಗೆ ಹೊಲಗದ್ದೆಗಳು. ಇಲ್ಲಿಂದ ಒಂದು ದಿಕ್ಕಿಗೆ ಹೊರಟರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಗಿರಣಿಗಳ ಊರು. ಇನ್ನೊಂದು ದಿಕ್ಕಿಗೆ ಹೊರಟರೆ ತುಂಗಭದ್ರೆಯ ತಟದಲ್ಲಿ ಕ್ರಿ.ಶ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇಗುಲ, ಮತ್ತು ಅದೇ ಊರಿನಲ್ಲಿ 1941ರಿಂದ ಅರ್ಧ ಶತಮಾನಕ್ಕೂ ಮೀರಿ ಯಂತ್ರಗಳನ್ನು ಹೆತ್ತ ಕಾರ್ಖಾನೆಯ ನೆಲೆ. ಆಧುನಿಕ ಯುಗದಲ್ಲಿ ಮನುಷ್ಯನ ದುಡಿಮೆ ಹೇಗೆ ಹಿಂದೆಂದೂ ಕಾಣದಷ್ಟು ಫಲ ಕೊಡತೊಡಗಿತು, ಆ ಫಲ ಯಾರ ಕೈ ಸೇರಿತು, ಯಾರ ಕೈ ತಪ್ಪಿತು ಎಂಬುದನ್ನು ತಿಳಿಯಲು ಲಂಕಾಶೈರಿಗೆ ಹೋಗಬೇಕಾದ ಅಗತ್ಯ ಅಷ್ಟಾಗಿ ಇಲ್ಲ. ಕೊಂಡಜ್ಜಿಯ ಸುತ್ತಲಿನ ಹತ್ತು ಹದಿನೈದು ಮೈಲಿಗಳ ಸೀಮೆಯ ಚರಿತ್ರೆಯೇ ಸಾಕಷ್ಟು ಹೇಳುತ್ತದೆ.

ಈ ವಿಷಯವನ್ನು ಶರಣ ಸಾಹಿತ್ಯದ ಅಭ್ಯಾಸಿಗಳ ಮುಂದೆ ಇಡುವುದಕ್ಕೆ ಕಾರಣವಿದೆ. ಜರ್ಮನಿಯ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯೂರೋಪಿನ ಪ್ರಾಟೆಸ್ಟೆಂಟ್ ಪಂಥಗಳ ದುಡಿಮೆಯ ಶ್ರದ್ಧೆಗೂ ಮಿತವ್ಯಯಕ್ಕೂ ಅಲ್ಲಿ ಬೆಳೆದ ಬಂಡವಾಳ ಪದ್ಧತಿಗೂ ಸಂಬಂಧವನ್ನು ಕಲ್ಪಿಸಿದನು. ಇದನ್ನು ಓದಿದ ನಮ್ಮ ಅನೇಕ ಲೇಖಕರು, ಕಾಯಕ ತತ್ತ್ವವೂ ಅಂತಹುದೇ ಎಂದು ಹೋಲಿಸಿ, ವೀರಶೈವ ವಣಿಕರ ಏಳಿಗೆಗೆ ಹನ್ನೆರಡನೆಯ ಶತಮಾನದ ಬೋಧೆಯೇ ಕಾರಣವೆಂದು ಬರೆದಿದ್ದಾರೆ. ಕಿವಿಗೆ ಹಿತವಾದ ಮಾತು. ಆದರೆ ಇತಿಹಾಸ ಒಂದು ಪ್ರಶ್ನೆಯನ್ನು ಕೇಳುತ್ತದೆ: ಕಾಯಕ ತತ್ತ್ವ ಕಲ್ಯಾಣದಲ್ಲಿ ಮೊಳಗಿ ಏಳು ಶತಮಾನಗಳು ಕಳೆದರೂ ಗಿರಣಿಯ ಚಿಮಣಿ ದಾವಣಗೆರೆಯಲ್ಲಿ ಏಕೆ ಏಳಲಿಲ್ಲ? ಎದ್ದದ್ದು ಇಪ್ಪತ್ತನೆಯ ಶತಮಾನದ ಮಧ್ಯಕ್ಕೆ ಸಮೀಪದಲ್ಲಿ ಏಕೆ? ಕಾರಣವೊಂದು ಇದ್ದೂ ಕಾರ್ಯ ಏಳು ನೂರು ವರ್ಷ ತಡವಾಯಿತೆಂದರೆ, ಒಂದೋ ಅದು ಕಾರಣವಲ್ಲ, ಇಲ್ಲವೆ ಅದೊಂದೇ ಕಾರಣವಲ್ಲ.

ಮೊದಲು ಮಾತಿನ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ಹೆಚ್ಚು ಜನ ದುಡಿದು ಹೆಚ್ಚು ಬೆಳೆದರೆ ಅದು ಉತ್ಪನ್ನದ ಹೆಚ್ಚಳ. ಅಷ್ಟೇ ಜನ ಅಷ್ಟೇ ಹೊತ್ತು ದುಡಿದು ಹೆಚ್ಚು ಪಡೆದರೆ ಅದು ಉತ್ಪಾದಕತೆಯ ಹೆಚ್ಚಳ. ಹಳೆಯ ಜಗತ್ತಿನಲ್ಲಿ ಮೊದಲನೆಯದು ಅಲ್ಲಲ್ಲಿ ಕಾಣುತ್ತಿತ್ತು; ಎರಡನೆಯದು ತಲೆಮಾರುಗಳ ಕಾಲ ಕಾಣದಷ್ಟು ನಿಧಾನ. ಕಾಡು ಕಡಿದು ಹೊಲ ಮಾಡಿದರೆ ಕಾಳು ಹೆಚ್ಚುತ್ತಿತ್ತು, ಕಾಳು ತಿನ್ನುವ ಬಾಯಿಗಳೂ ಹೆಚ್ಚುತ್ತಿದ್ದವು. ತಲೆಗೊಂದರ ಪಾಲು ಮಾತ್ರ ಇದ್ದಷ್ಟೇ.

ದಾವಣಗೆರೆಯ ಪೂರ್ವ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಸಮೀಪದ ಬೇತೂರು ಪಾಂಡ್ಯರ ಕಾಲಕ್ಕೆ ಪ್ರಸಿದ್ಧವಾಗಿದ್ದಾಗ ದಾವಣಗೆರೆ ಒಂದು ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪ್ಪಾಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದನು, ಊರು ಬೆಳೆಯಿತು. ಮಲೆನಾಡಿನ ನಗರ, ಸಾಗರ ಸೀಮೆಗಳ ಅಡಕೆ ಮತ್ತು ಮೆಣಸು ಇಲ್ಲಿಯ ಮಾರ್ಗವಾಗಿ ದೂರದ ವಾಲಾಜಾಪೇಟೆಗೆ ಸಾಗುತ್ತಿದ್ದವು. ಮರುಪಯಣದಲ್ಲಿ ಮದರಾಸು ಕಡೆಯ ಸರಕು ಬರುತ್ತಿತ್ತು. ಸುತ್ತಲ ಹಳ್ಳಿಗಳ ಕುರುಬರು ನೇಯ್ದ ಕಂಬಳಿಗೆ ಇದು ಪೇಟೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಈ ಕಂಬಳಿಗಳ ವ್ಯಾಪಾರವನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬಣ್ಣಿಸಿದ್ದಾನೆ. ವ್ಯಾಪಾರದ ಬಹುಭಾಗ ಶಿವಭಕ್ತ ಬಣಜಿಗರ ಕೈಯಲ್ಲಿತ್ತು. ನಂಬಿಕೆಗೆ ಅರ್ಹರಾದ ವರ್ತಕರು, ದುಡಿಮೆಗೆ ಹೇಸದ ಜನ, ದೂರ ದೂರದ ಸಂಪರ್ಕ, ಎಲ್ಲವೂ ಇದ್ದವು. ಆದರೂ ಒಂದು ಎತ್ತು ಬಸವಣ್ಣನವರ ಕಾಲದಲ್ಲಿ ಎಷ್ಟು ಭಾರ ಹೊರುತ್ತಿತ್ತೋ ಅಪ್ಪಾಜಿರಾಮನ ಕಾಲದಲ್ಲಿಯೂ ಅಷ್ಟನ್ನೇ ಹೊರುತ್ತಿತ್ತು. ಮಗ್ಗದ ಮುಂದೆ ಕುಳಿತವನು ದಿನಕ್ಕೆ ನೇಯುತ್ತಿದ್ದ ಕಂಬಳಿಯ ಅಳತೆಯೂ ಹೆಚ್ಚಾಗಿರಲಿಲ್ಲ. ಸಂಪತ್ತು ಬೆಳೆದದ್ದು ನಿಜ. ದುಡಿಮೆಯ ಫಲ ಬೆಳೆಯಲಿಲ್ಲ.

ಆ ವೇಳೆಗಾಗಲೇ ಏಳು ಸಮುದ್ರದಾಚೆ ಬೇರೊಂದು ಸಂಗತಿ ನಡೆದಿತ್ತು. ಅದನ್ನು ಅರಿಯಲು ಒಬ್ಬ ಶರಣೆಯ ಕಾಯಕದಿಂದ ಹೊರಡುವುದು ಒಳ್ಳೆಯದು. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತನ್ನ ರಾಟೆಯ ಒಂದೊಂದು ಅಂಗವನ್ನೂ ಅನುಭಾವದ ಸಂಕೇತವಾಗಿ ಕಂಡವಳು. ಆಕೆಯಂತೆ ಕೈಯಿಂದ ನೂಲುವ ಒಬ್ಬ ಹೆಣ್ಣುಮಗಳು ನೂರು ಪೌಂಡು ಅರಳೆಯನ್ನು ನಯವಾದ ನೂಲಾಗಿಸಲು ಸುಮಾರು 50,000 ಗಂಟೆಗಳು ಬೇಕಾಗುತ್ತಿದ್ದುವೆಂದು ಜವಳಿ ಉದ್ಯಮದ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ದಿನಕ್ಕೆ ಹತ್ತು ಗಂಟೆ ಬಿಡುವಿಲ್ಲದೆ ನೂತರೂ ಹದಿಮೂರು ವರ್ಷಕ್ಕೆ ಮಿಕ್ಕಿತು. ಇಂಗ್ಲೆಂಡಿನಲ್ಲಿ ಕ್ರಾಂಪ್ಟನ್ನನು 1779ರಲ್ಲಿ ರೂಪಿಸಿದ ಮ್ಯೂಲ್ ಯಂತ್ರದಿಂದ ಅದು 2,000 ಗಂಟೆಗಳಿಗೆ ಇಳಿಯಿತು; ಉಗಿಯ ಬಲ ಸೇರಿದ ಮೇಲೆ, 1795ರ ಸುಮಾರಿಗೆ, 300 ಗಂಟೆಗಳಿಗೆ; 1825ರಲ್ಲಿ ಬಂದ ಸ್ವಯಂಚಾಲಿತ ಮ್ಯೂಲ್‌ನಿಂದ 135 ಗಂಟೆಗಳಿಗೆ. ಅಂದರೆ ಹದಿಮೂರು ವರ್ಷದ ದುಡಿಮೆ ಹದಿನಾಲ್ಕು ದಿನಗಳಿಗೆ ಇಳಿಯಿತು. ಮ್ಯಾಂಚೆಸ್ಟರಿನ ಕೂಲಿಯವನು ರೆಮ್ಮವ್ವೆಗಿಂತ ಮುನ್ನೂರೆಪ್ಪತ್ತು ಪಟ್ಟು ಶ್ರದ್ಧಾವಂತನಾಗಿದ್ದನೆಂದು ಯಾರೂ ಹೇಳಲಾರರು. ಅವನ ಹಿಂದೆ ಯಂತ್ರವಿತ್ತು, ಯಂತ್ರದ ಹಿಂದೆ ಕಲ್ಲಿದ್ದಲಿತ್ತು, ಇವೆರಡರ ಹಿಂದೆ ಪ್ರಯೋಗದಿಂದ ಪ್ರಯೋಗಕ್ಕೆ ಬೆಳೆದ ವಿದ್ಯೆಯಿತ್ತು. ಆಧುನಿಕ ಆರ್ಥಿಕ ಬೆಳವಣಿಗೆಯ ಮೂಲ ದುಡಿಯುವವನ ಗುಣದಲ್ಲಿ ಮಾತ್ರವಲ್ಲದೆ ಅವನ ಕೈಗೆ ಬಂದ ಸಾಧನದಲ್ಲಿಯೂ ಇದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಬೆಳವಣಿಗೆಯ ಮೊದಲ ಪರಿಣಾಮ ನಮ್ಮ ಸೀಮೆಗೆ ಬಂದದ್ದು ವರವಾಗಿ ಅಲ್ಲ. ಯಂತ್ರದ ನೂಲು ಅಗ್ಗವಾಗಿ ಬಂದಿತು. ಮನೆಮನೆಯ ರಾಟೆ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನೂಲುವ ಕಾಯಕವನ್ನು ಕಳೆದುಕೊಂಡವರಲ್ಲಿ ಬಹುಪಾಲು ಹೆಂಗಸರು, ಅದರಲ್ಲಿಯೂ ವಿಧವೆಯರು, ಹೊಲಮನೆ ಇಲ್ಲದವರು. ಅವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಸಾಮ್ರಾಜ್ಯಗಳ ಪತನವನ್ನು ಪುಟಗಟ್ಟಲೆ ಬರೆಯುವ ಇತಿಹಾಸ ಈ ಲಕ್ಷಾಂತರ ಕದಿರುಗಳ ಮೌನವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ನ್ಯಾಯವಲ್ಲ. ಇದೇ ಹೊತ್ತಿನಲ್ಲಿ ಎರೆಭೂಮಿಯ ರೈತನಿಗೆ ಮಾತ್ರ ಹೊಸ ಗಿರಾಕಿ ದೊರೆತನು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಬಿದ್ದಿತು. ಸಾವಿರಾರು ಮೈಲಿಗಳಾಚೆಯ ಒಂದು ಕದನ ನಮ್ಮ ಹೊಲದ ಬೆಲೆಯನ್ನು ಏರಿಸಿ ಇಳಿಸಿತೆಂಬುದು ರೈತನಿಗೆ ಅದುವರೆಗೆ ಇಲ್ಲದ ಅನುಭವ.

ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆಯಾಯಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದಿದ್ದ ರೈಲು 1889ರಲ್ಲಿ ಹರಿಹರವನ್ನು ಮುಟ್ಟಿತು. ಎತ್ತಿನ ಹೇರಿನ ಕಾಲ ಅಲ್ಲಿಗೆ ಮುಗಿಯಿತು. ದಾವಣಗೆರೆ ಹಳೆಯ ಹೆದ್ದಾರಿಯ ಪೇಟೆಯಾಗಿ ಕಣ್ಮರೆಯಾಗಬಹುದಿತ್ತು. ಅನೇಕ ಪೇಟೆಗಳು ಹಾಗೆಯೇ ಆದವು. ಆದರೆ ರೈಲು ಊರಿನ ಮಧ್ಯದಲ್ಲಿಯೇ ಹಾಯ್ದು, ಹತ್ತಿಯ ಹೊಲಗಳು ಹತ್ತಿರವಿದ್ದುದರಿಂದ, ವರ್ತಕರ ಕೈಯಲ್ಲಿ ಹಣವೂ ಇದ್ದುದರಿಂದ, ಊರು ಹತ್ತಿಯ ಮಾರುಕಟ್ಟೆಯಾಗಿ ಮರುಹುಟ್ಟು ಪಡೆಯಿತು. ಹತ್ತಿ ಬಿಡಿಸುವ ಯಂತ್ರಗಳು ಬಂದವು. ಅರಳೆಯನ್ನು ಮುಂಬಯಿಗೆ ಕಳಿಸಿ ಬಟ್ಟೆಯನ್ನು ಕೊಳ್ಳುವ ಬದಲು ಇಲ್ಲಿಯೇ ನೂತು ನೇಯಬಾರದೇಕೆಂಬ ಯೋಚನೆ ಹುಟ್ಟಿದ್ದು ಈ ಯಂತ್ರಗಳ ಸದ್ದಿನ ನಡುವೆ. 1930ರ ದಶಕದ ಉತ್ತರಾರ್ಧದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ತಲೆಯೆತ್ತಿತು. ಮುಂದೆ ಗಿರಣಿಗಳು ಒಂದರ ಹಿಂದೊಂದು ಬಂದವು. ಸ್ಥಾಪಕರಲ್ಲಿ ವೀರಶೈವ ವಣಿಕರೂ ಇದ್ದರು, ಇತರ ಸಮಾಜಗಳ ವಣಿಕರೂ ಇದ್ದರು. ಈ ಅಂಶವನ್ನು ಒತ್ತಿ ಹೇಳಬೇಕು. ಊರಿನ ಏಳಿಗೆಯನ್ನು ಒಂದೇ ಸಮಾಜದ ಖಾತೆಗೆ ಬರೆಯುವ ಚಪಲ ಸಲ್ಲದು.

ಏಳು ಶತಮಾನ ಇಲ್ಲದ್ದು ಇಪ್ಪತ್ತನೆಯ ಶತಮಾನದಲ್ಲಿ ಏನು ದೊರೆಯಿತು? ಯಂತ್ರ ಮತ್ತು ರೈಲನ್ನು ಆಗಲೇ ಹೇಳಿದೆ. ಮೂರನೆಯದು, ಹಲವರ ಸಣ್ಣ ಹಣವನ್ನು ಒಟ್ಟುಗೂಡಿಸುವ ಪಾಲು ಬಂಡವಾಳದ ಕಂಪನಿ ಎಂಬ ವ್ಯವಸ್ಥೆ. ಹಿಂದೆ ವರ್ತಕ ಸತ್ತರೆ ವ್ಯಾಪಾರ ಪಾಲಾಗುತ್ತಿತ್ತು. ಸಾಲವಾದರೆ ಮನೆಮಠ ಹರಾಜಾಗುತ್ತಿತ್ತು. ಕಂಪನಿಯಲ್ಲಿ ನಷ್ಟವಾದರೆ ಹೋಗುವುದು ಹಾಕಿದ ಪಾಲು ಮಾತ್ರ. ಈ ಭದ್ರತೆ ಇಲ್ಲದೆ ದೂರದ ಊರಿನ ಗುಮಾಸ್ತನೂ ರೈತನೂ ಗಿರಣಿಗೆ ಹಣ ಕೊಡುತ್ತಿರಲಿಲ್ಲ. ನಾಲ್ಕನೆಯದು ಮೈಸೂರು ಸಂಸ್ಥಾನದ ನೀತಿ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಉದ್ಯಮವಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದು ಸಾರಿದರು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿಯಿತು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ಲರು ಇದೇ ದಾರಿಯನ್ನು ಮುಂದುವರಿಸಿದರು.

ಹಾಗಾದರೆ ಕಾಯಕ ತತ್ತ್ವಕ್ಕೆ ಇಲ್ಲಿ ಸ್ಥಾನವೇ ಇಲ್ಲವೇ ಎಂದು ಭಕ್ತರು ಕೇಳಬಹುದು. ಸ್ಥಾನವಿದೆ, ಆದರೆ ಸಾಮಾನ್ಯವಾಗಿ ತೋರಿಸುವ ಕಡೆಯಲ್ಲಿ ಅಲ್ಲ. ಆಯ್ದಕ್ಕಿ ಮಾರಯ್ಯನ ಪ್ರಸಂಗ ಎಲ್ಲರಿಗೂ ತಿಳಿದದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರಬೇಕೆಂದು ಗಂಡನನ್ನು ಕಳಿಸಿದಳು. ವೇಬರನ ವರ್ತಕನಾಗಿದ್ದರೆ ಆ ಹೆಚ್ಚಿನ ಅಕ್ಕಿಯನ್ನು ಮಾರಿ, ಬಂದ ಹಣದಿಂದ ಮೊರವನ್ನೋ ಜರಡಿಯನ್ನೋ ಕೊಂಡು, ಮರುದಿನ ಇನ್ನೂ ಹೆಚ್ಚು ಆಯುತ್ತಿದ್ದನು. ಬಂಡವಾಳದ ಮಾರ್ಗ ಇದು: ಮಿಕ್ಕದ್ದನ್ನು ಮತ್ತೆ ಸಾಧನಕ್ಕೆ ಹಾಕುವುದು. ಲಕ್ಕಮ್ಮನ ಮಾರ್ಗ ಬೇರೆ: ಮಿಕ್ಕದ್ದು ತನ್ನದಲ್ಲ. ಎರಡೂ ಶ್ರಮವನ್ನು ಗೌರವಿಸುತ್ತವೆ, ಎರಡೂ ದುಂದನ್ನು ನಿಂದಿಸುತ್ತವೆ. ಆದರೆ ಮಿಗತೆಯ ಮುಂದೆ ಬಂದು ನಿಂತಾಗ ದಾರಿಗಳು ಕವಲೊಡೆಯುತ್ತವೆ. ಈ ವ್ಯತ್ಯಾಸವನ್ನು ಮರೆಸಿ ಕಾಯಕವನ್ನು ಲಾಭದ ತತ್ತ್ವವೆಂದು ಹೊಗಳುವವರು ಲಕ್ಕಮ್ಮನನ್ನು ಓದಿಲ್ಲ.

ಇನ್ನೊಂದು ಕಹಿಯಾದ ಮಾತೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಾಯಕಗಳೆಲ್ಲ ಸಮಾನವೆಂದು ಸಾರಿದ ಪರಂಪರೆಯಲ್ಲಿಯೇ ಕಾಲಾನಂತರ ಕಾಯಕವು ಜಾತಿಯಾಗಿ ಹೆಪ್ಪುಗಟ್ಟಿತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ ತನ್ನ ಕೆಲಸವನ್ನು ಲಿಂಗಪೂಜೆಗಿಂತ ಕೀಳೆಂದು ಬಗೆಯಲಿಲ್ಲ. ಮುಂದೆ ಬಂದವರು ಹಗ್ಗ ಹೊಸೆಯುವವನ ಮಗ ಹಗ್ಗವನ್ನೇ ಹೊಸೆಯಲಿ ಎಂದು ಬಿಟ್ಟರು. ಕೈಕೆಲಸ ಬಲ್ಲವನಿಗೆ ಅಕ್ಷರವಿರಲಿಲ್ಲ, ಅಕ್ಷರ ಬಲ್ಲವನ ಕೈಗೆ ಕೆಲಸವಿರಲಿಲ್ಲ. ಉಪಕರಣವನ್ನು ಸುಧಾರಿಸಬೇಕಾದರೆ ಕೈಯೂ ಅಕ್ಷರವೂ ಒಂದೇ ಮನುಷ್ಯನಲ್ಲಿ ಕೂಡಬೇಕು. ಕಲ್ಯಾಣದ ಅನುಭವ ಮಂಟಪದಲ್ಲಿ ಅವು ಕೂಡಿದ್ದವು, ಅನಂತರ ಅಗಲಿದವು. ಏಳು ಶತಮಾನಗಳ ವಿಳಂಬಕ್ಕೆ ಒಂದು ಒಳಗಿನ ಕಾರಣವನ್ನು ಹುಡುಕುವುದಾದರೆ ಅದು ಇಲ್ಲಿದೆ.

ಅವು ಮತ್ತೆ ಕೂಡಿದ್ದು ದಾಸೋಹದ ಮೂಲಕ. ಮಿಕ್ಕದ್ದು ತನ್ನದಲ್ಲ ಎಂಬ ಲಕ್ಕಮ್ಮನ ನಿಲುವು ಸಾಧನಕ್ಕೆ ಹಣ ಹಾಕಲು ತಡೆಯಾದರೂ, ಮನುಷ್ಯನಿಗೆ ಹಣ ಹಾಕಲು ಪ್ರೇರಣೆಯಾಯಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿ, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, ಊರೂರಿನ ಮಠಗಳ ಪ್ರಸಾದ ನಿಲಯಗಳು, ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳವರ ವಿದ್ಯಾರ್ಥಿ ನಿಲಯಗಳು ಇವೆಲ್ಲವೂ ದಾಸೋಹದ ಹೊಸ ರೂಪ. ಅನ್ನ ದಾಸೋಹದ ಜೊತೆಗೆ ಅಕ್ಷರ ದಾಸೋಹ ಸೇರಿತು. ಅಲ್ಲಿ ಉಂಡು ಓದಿದ ರೈತನ ಮಗ ಗುಮಾಸ್ತನಾದ, ಅಧ್ಯಾಪಕನಾದ, ಇಂಜಿನಿಯರಾದ. ಇಂದಿನ ಅರ್ಥಶಾಸ್ತ್ರಜ್ಞರು ವಿದ್ಯೆಯನ್ನೂ ಆರೋಗ್ಯವನ್ನೂ ಒಂದು ಬಗೆಯ ಬಂಡವಾಳವೆಂದು ಕರೆಯುತ್ತಾರೆ; ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿರಪಟ್ಟ ಈ ವಿಚಾರವನ್ನು ಪ್ರಸಾದ ನಿಲಯದ ಒಲೆಗಳು ಅದಕ್ಕೆ ಮೊದಲೇ ಆಚರಿಸುತ್ತಿದ್ದವು. ಕಾಯಕಕ್ಕಿಂತ ದಾಸೋಹವೇ ನಮ್ಮ ಸೀಮೆಯ ಆಧುನಿಕ ಬೆಳವಣಿಗೆಗೆ ಹತ್ತಿರದ ಕಾರಣವೆಂದರೆ ತಪ್ಪಾಗದು.

ಹರಿಹರದ ಕಥೆ ಇದಕ್ಕೆ ಇನ್ನೊಂದು ಮುಖವನ್ನು ಕೂಡಿಸುತ್ತದೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಬಾಳನ್ನು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ಭೂಮಿಗೆ ವಿಷವೆಂದು ಹೆದರಿ ರೈತರು ಬಹುಕಾಲ ಅದನ್ನು ಮುಟ್ಟಲಿಲ್ಲ. ಆ ಮನೆತನದ ಉದ್ಯಮದ ಶಾಖೆಯಾಗಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಅಲ್ಲಿ ತಯಾರಾದದ್ದು ಲೇಥು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರ. ನೂಲಿನ ಗಿರಣಿ ಬಟ್ಟೆಯನ್ನು ಕೊಡುತ್ತದೆ. ಲೇಥು ನೂರು ಬಗೆಯ ಗಿರಣಿಗಳನ್ನು ಕೊಡುತ್ತದೆ. ಯಾವ ದೇಶದಲ್ಲಿ ಇದು ಹುಟ್ಟುವುದಿಲ್ಲವೋ ಆ ದೇಶ ಯಂತ್ರವನ್ನು ಕೊಳ್ಳಬಲ್ಲುದೇ ಹೊರತು ಯಂತ್ರವಿದ್ಯೆಯನ್ನು ಪಡೆಯಲಾರದು. ಸುತ್ತಲ ಹಳ್ಳಿಗಳ ಕಮ್ಮಾರರ, ಬಡಗಿಗಳ, ಒಕ್ಕಲಿಗರ ಮಕ್ಕಳು ಅಲ್ಲಿ ನೂಲಿನೆಳೆಗಿಂತ ಸೂಕ್ಷ್ಮವಾದ ಅಳತೆಗೆ ಉಕ್ಕನ್ನು ಕಡೆಯುವುದನ್ನು ಕಲಿತರು. ಕೈ ಮತ್ತು ಅಕ್ಷರ ಕೂಡಿದ ಒಂದು ನೆಲೆ ಅದು.

ಹೊಲದಲ್ಲಿ ಬಂದ ಬದಲಾವಣೆ ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಿತು. ಈ ಸೀಮೆಗೆ ಕೆರೆ ಕಟ್ಟುವ ವಿದ್ಯೆ ಹೊಸದಲ್ಲ. ಶಾಂತವ್ವೆಯ ಹೆಸರಿನೊಡನೆ ಜನ ನೆನೆಯುವ ಸೂಳೆಕೆರೆ ಇಲ್ಲಿಗೆ ದೂರವಿಲ್ಲ. ಆದರೆ ಕೆರೆಯ ನೀರು ಆ ವರ್ಷದ ಮಳೆಯ ನೀರು. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯ 71.5 ಶತಕೋಟಿ ಘನ ಅಡಿ ನೀರನ್ನು ಹಿಡಿದಿಟ್ಟು, ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಭೂಮಿಗೆ ಹರಿಸತೊಡಗಿತು. ಜೋಳ, ಹತ್ತಿಗಳ ನೆಲದಲ್ಲಿ ವರ್ಷಕ್ಕೆ ಎರಡು ಬಾರಿ ಬತ್ತ ಬಂದಿತು. ಫಿಲಿಪೈನ್ಸಿನ ಸಂಶೋಧನಾಲಯದಿಂದ 1966ರಲ್ಲಿ ಹೊರಬಂದ ಐ.ಆರ್.-8 ತಳಿ, ರಾಸಾಯನಿಕ ಗೊಬ್ಬರ, ಸಹಕಾರ ಸಂಘದ ಸಾಲ ಒಂದಕ್ಕೊಂದು ಕೂಡಿದವು. ಮಲೇಬೆನ್ನೂರಿನ ಸುತ್ತ ಅಕ್ಕಿ ಗಿರಣಿಗಳೆದ್ದವು. 1974ರ ಭೂಸುಧಾರಣಾ ಶಾಸನದಿಂದ ಗೇಣಿಯ ಒಕ್ಕಲು ಒಡೆಯನಾದನು. ಮಠಗಳ ಜಮೀನೂ ಉಳುವವನ ಪಾಲಾಯಿತು. ಕೆಲವು ಮಠಗಳಿಗೆ ಅದು ಕಷ್ಟವನ್ನು ತಂದದ್ದು ನಿಜ. ಆದರೆ ಉಳುವ ಕೈಗೆ ನೆಲ ಸೇರುವುದನ್ನು ಕಾಯಕದ ವಾರಸುದಾರರು ಅನ್ಯಾಯವೆಂದು ಹೇಗೆ ಹೇಳಬಲ್ಲರು? ನಾಲೆಯ ನೀರು ತಂದ ಹೊಸ ವ್ಯಾಜ್ಯವೆಂದರೆ ಮೇಲಿನವನಿಗೂ ಕೊನೆಯವನಿಗೂ ನಡುವಿನದು. ದಾವಣಗೆರೆ, ಹರಿಹರದ ಅನೇಕ ಹಳ್ಳಿಗಳು ನಾಲೆಯ ಕೊನೆಯ ಭಾಗದಲ್ಲಿವೆ. ಮೇಲ್ಭಾಗದಲ್ಲಿ ಅಡಕೆ ತೋಟ ಹೆಚ್ಚಿದಂತೆ, ಮಳೆ ಕಡಿಮೆಯಾದ ವರ್ಷ ಕೊನೆಯ ಗದ್ದೆ ಬಿರಿಯುತ್ತದೆ. ಜಲಾಶಯ ತುಂಬಿದಾಗ ಹಂಚಿಕೆ ಯಾರಿಗೂ ನೆನಪಾಗುವುದಿಲ್ಲ.

ಬೆಳವಣಿಗೆಯ ವೇಗವನ್ನು ಅರಿಯಲು ಒಂದು ಸರಳವಾದ ಲೆಕ್ಕವಿದೆ. ವರ್ಷಕ್ಕೆ ಶೇಕಡ 1ರಂತೆ ವರಮಾನ ಏರಿದರೆ ಅದು ಇಮ್ಮಡಿಯಾಗಲು ಸುಮಾರು 70 ವರ್ಷ ಬೇಕು. ಶೇಕಡ 5ರಂತೆ ಏರಿದರೆ 14 ವರ್ಷ ಸಾಕು. ಸ್ವಾತಂತ್ರ್ಯದ ಅನಂತರದ ಮೂರು ದಶಕಗಳಲ್ಲಿ ಭಾರತದ ಒಟ್ಟು ಉತ್ಪನ್ನ ವರ್ಷಕ್ಕೆ ಶೇಕಡ ಮೂರೂವರೆಯ ಆಸುಪಾಸಿನಲ್ಲಿ ಬೆಳೆಯಿತು. ಜನಸಂಖ್ಯೆಯೂ ಶೇಕಡ ಎರಡಕ್ಕೆ ಮೀರಿ ಬೆಳೆದುದರಿಂದ ತಲೆಗೆ ದಕ್ಕಿದ್ದು ಶೇಕಡ ಒಂದಕ್ಕಿಂತ ತುಸು ಹೆಚ್ಚು. ತಾತ ಕಂಡ ಬಡತನವನ್ನು ಮೊಮ್ಮಗನೂ ಕಂಡದ್ದರ ಗಣಿತ ಇದು. 1980ರ ದಶಕದಿಂದ ವೇಗ ಹೆಚ್ಚಿತು. 1991ರ ಆರ್ಥಿಕ ನೀತಿಯ ಅನಂತರ ಇನ್ನೂ ಹೆಚ್ಚಿತು. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿಯೇ ವರಮಾನ ಎರಡು ಮೂರು ಬಾರಿ ಇಮ್ಮಡಿಯಾದುದನ್ನು ಕಾಣುವಂತಾಯಿತು.

ಆದರೆ ದೇಶದ ವೇಗ ಹೆಚ್ಚಿದ ಆ ವರ್ಷಗಳೇ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದ ವರ್ಷಗಳು. ಇದು ಗಮನಿಸಬೇಕಾದ ವೈಚಿತ್ರ್ಯ. ಕೆಲವಕ್ಕೆ ಕಷ್ಟ ಮೊದಲೇ ಬಂದಿತ್ತು: ತೋಳಹುಣಸೆಯ ಯಲ್ಲಮ್ಮ ಗಿರಣಿ 1974ರ ಶಾಸನದಿಂದ ರಾಷ್ಟ್ರೀಕರಣಗೊಂಡಿತ್ತು. ಹಳೆಯ ಮಗ್ಗಗಳು, ಹೊಸ ಯಂತ್ರಕ್ಕೆ ತೊಡಗಿಸದ ಲಾಭ, ಮನೆಮನೆಯ ವಿದ್ಯುನ್ಮಗ್ಗದ ಸ್ಪರ್ಧೆ, ಕೃತಕ ನೂಲಿನ ಬಟ್ಟೆಯ ಮೋಹ ಇವೆಲ್ಲ ಕೂಡಿ ಕೆಡಹಿದವು. ಕಾರ್ಮಿಕರ ಮುಷ್ಕರಗಳೇ ಕಾರಣವೆಂದು ಹೇಳುವವರು ಇದ್ದಾರೆ. ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರು ಅದು; ಸಂಘಟನೆ ಬಲವಾಗಿತ್ತು. ಆದರೆ ಸಂಘಟನೆ ಇಲ್ಲದ ಊರುಗಳಲ್ಲಿಯೂ ಹಳೆಯ ಗಿರಣಿಗಳು ಉಳಿಯಲಿಲ್ಲ. ಮುಂಬಯಿಯಿಂದ ಹಿಡಿದು ಮ್ಯಾಂಚೆಸ್ಟರಿನವರೆಗೆ ಇದೇ ಕಥೆ. ಯಂತ್ರದಿಂದ ರಾಟೆ ನಿಂತಂತೆ ಹೊಸ ಯಂತ್ರದಿಂದ ಹಳೆಯ ಯಂತ್ರ ನಿಂತಿತು. ಶತಮಾನದ ತಿರುವಿನಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು; ಗಣಕಯಂತ್ರದಿಂದ ನಡೆಯುವ ಹೊಸ ಲೇಥುಗಳು, ವಿದೇಶೀ ಯಂತ್ರಗಳ ಆಮದು ಅದರ ಎದುರಿಗಿದ್ದವು. ಐವತ್ತರ ವಯಸ್ಸಿನ ಕುಶಲಕರ್ಮಿ, ಉಕ್ಕಿನ ಮೇಲೆ ಬೆರಳಾಡಿಸಿಯೇ ಅಳತೆ ಹೇಳಬಲ್ಲವನು, ಕಾವಲುಗಾರನ ಕೆಲಸಕ್ಕೆ ನಿಲ್ಲಬೇಕಾಯಿತು. ಆರ್ಥಿಕ ಬೆಳವಣಿಗೆಯ ಲೆಕ್ಕಪುಸ್ತಕದಲ್ಲಿ ಅವನ ಕೆಲಸ ಹೋದದ್ದು ದಾಖಲಾಗುತ್ತದೆ. ಅವನ ಕಾಯಕ ಹೋದದ್ದು ದಾಖಲಾಗುವುದಿಲ್ಲ. ಚಂದಯ್ಯನ ಹಗ್ಗವನ್ನು ಯಾರೂ ಕೊಳ್ಳದೆ ಹೋಗಿದ್ದರೆ ಆತನ ದಾಸೋಹ ಹೇಗೆ ನಡೆಯುತ್ತಿತ್ತೆಂಬ ಪ್ರಶ್ನೆಯನ್ನು ವಚನಗಳು ಎತ್ತುವುದಿಲ್ಲ. ಆ ಕಾಲಕ್ಕೆ ಆ ಪ್ರಶ್ನೆ ಇರಲಿಲ್ಲ.

ನದಿಯ ಮಾತು ಉಳಿದಿದೆ. 1956ರವರೆಗೆ ಹರಿಹರದ ಎದುರು ದಡ ಬೇರೆ ಪ್ರಾಂತವಾಗಿತ್ತು. ಆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಯಾರಂಭ ಮಾಡಿ, ಬಿದಿರು, ನೀಲಗಿರಿಗಳಿಂದ ಕೃತಕ ನೂಲಿನ ತಿರುಳನ್ನು ತಯಾರಿಸತೊಡಗಿತು. ಹತ್ತಿಯ ಗಿರಣಿಗೆ ಹೊಲ ಬೇಕಾಗಿತ್ತು. ಇದಕ್ಕೆ ಕಾಡು ಬೇಕಾಯಿತು. ಸಾವಿರಾರು ಜನರಿಗೆ ಅನ್ನವೂ ದೊರೆಯಿತು, ನೀರು ಕೆಟ್ಟಿತು, ಮೀನು ಸತ್ತವು ಎಂಬ ಕೆಳದಡದ ಹಳ್ಳಿಗಳ ದೂರು 1980ರ ದಶಕದಲ್ಲಿ ಚಳವಳಿಯೂ ಆಯಿತು. ನೀಲಗಿರಿಯನ್ನು ಬೆಳೆಯಲು 1984ರಲ್ಲಿ ಸರ್ಕಾರ ಕಾರ್ಖಾನೆಯೊಡನೆ ಕೂಡಿ ಸ್ಥಾಪಿಸಿದ ಕಂಪನಿಗೆ 30,000 ಹೆಕ್ಟೇರು ಗೋಮಾಳ, ಕಾವಲು ಭೂಮಿಯನ್ನು ಕೊಡಲು ನಿಶ್ಚಯವಾದಾಗ, ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ನವೆಂಬರಿನಲ್ಲಿ ಕುಸನೂರಿನ ರೈತರು ನೀಲಗಿರಿಯ ಸಸಿಗಳನ್ನು ಕಿತ್ತು, ಹಣ್ಣು ಮೇವುಗಳ ಸಸಿಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಇದೇ ನದಿಯ ಕೆಳಗಿನ ದಡದಲ್ಲಿ ಚೌಡಯ್ಯದಾನಪುರವಿದೆ. ದೋಣಿಯ ಹುಟ್ಟನ್ನು ಹಿಡಿದು ನೇರ ಮಾತಾಡಿದ ಅಂಬಿಗರ ಚೌಡಯ್ಯನ ಹೆಸರಿನ ಊರು. ಉತ್ಪಾದನೆಯ ಬೆಲೆಯಲ್ಲಿ ನದಿಯ ಬೆಲೆಯನ್ನೂ ಸೇರಿಸಬೇಕೆಂದು ಅರ್ಥಶಾಸ್ತ್ರ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ದೋಣಿ ನಡೆಸುವವನಿಗೂ ಬಲೆ ಬೀಸುವವನಿಗೂ ಅದು ಮೊದಲೇ ತಿಳಿದಿತ್ತು.

ಗಿರಣಿಗಳು ಮುಚ್ಚಿದರೂ ದಾವಣಗೆರೆ ಕುಗ್ಗಲಿಲ್ಲ. ಅದಕ್ಕೆ ಆಧಾರವಾದದ್ದು ಹತ್ತಿಯ ಹಣ ಇದ್ದ ಕಾಲದಲ್ಲಿ ಬಿತ್ತಿದ ವಿದ್ಯೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರಿನ ವೈದ್ಯಕೀಯ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯ ಕೇಂದ್ರವೂ ಆಯಿತು. ಮಳೆಯಾಶ್ರಿತ ಎರೆಭೂಮಿಯಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂದಿದೆ. ಮಂಡಕ್ಕಿ ಭಟ್ಟಿಗಳ ಓಣಿಗಳಲ್ಲಿ ಇನ್ನೂ ಬೆಂಕಿಯ ಮುಂದೆ ಬೆವರು ಹರಿಸುವ ಸಂಸಾರಗಳಿವೆ. ಯಂತ್ರದ ಯುಗದ ಯಾವ ಉಪಕಾರವೂ ಅಲ್ಲಿಗೆ ಸರಿಯಾಗಿ ತಲುಪಿಲ್ಲ. ವಿದ್ಯೆಗೂ ಶುಲ್ಕದ ಅಳತೆ ಬಂದ ಮೇಲೆ ಪ್ರಸಾದ ನಿಲಯದ ಕಾಲದ ದಾಸೋಹ ಎಷ್ಟು ಉಳಿದಿದೆ ಎಂಬುದನ್ನು ಸಂಸ್ಥೆಗಳನ್ನು ನಡೆಸುವವರೇ, ಮಠಗಳೂ ಸೇರಿದಂತೆ, ಕೇಳಿಕೊಳ್ಳಬೇಕು.

ಕೊಂಡಜ್ಜಿಯ ಹೆಸರನ್ನು ನಾಡಿಗೆ ಪರಿಚಯಿಸಿದವರು ಆ ಊರಿನ ಬಸಪ್ಪನವರು. 1977ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದ ಪ್ರತಿನಿಧಿಯಾಗಿ ಆಯ್ಕೆಯಾದ ಅವರು ಸ್ಕೌಟ್ ಚಳವಳಿಗೆ ಜೀವ ತುಂಬಿದವರು. ಕೆರೆಯ ದಡದ ಸ್ಕೌಟ್ ತರಬೇತಿ ಕೇಂದ್ರ ಅವರ ನೆನಪನ್ನು ಹೊತ್ತಿದೆ. ಅಲ್ಲಿ ಶಿಬಿರಕ್ಕೆ ಬರುವ ಮಕ್ಕಳು ತಮ್ಮ ಡೇರೆಯನ್ನು ತಾವೇ ಕಟ್ಟಬೇಕು, ಸೌದೆಯನ್ನು ತಾವೇ ಆಯಬೇಕು, ಅಡಿಗೆಯನ್ನು ತಾವೇ ಮಾಡಿ ಹಂಚಿಕೊಂಡು ಉಣ್ಣಬೇಕು; ಹಗ್ಗಕ್ಕೆ ಗಂಟು ಹಾಕುವುದು ಮೊದಲ ಪಾಠ. ಗಿರಣಿಯ ಕಾರ್ಮಿಕರ ಮೊಮ್ಮಕ್ಕಳೂ ಗಿರಣಿಯ ಪಾಲುದಾರರ ಮೊಮ್ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗುತ್ತಾರೆ.